ಸಂಕೋಚ ಬಿಡಿ, ಡಾಕ್ಟರ ಹತ್ರ ಹೇಳಿ

‘ಅಲ್ಲಿ ತುರಿಕೆ’ ಅಂತ ಯಾರಿಗೂ ಹೇಳೋಕಾಗದೆ, ಮೆಡಿಕಲ್ ಶಾಪಿನ ಯಾವುದೋ ಮುಲಾಮು ಹಚ್ಚಿಕೊಂಡು ತಿಂಗಳುಗಟ್ಟಲೆ ಒದ್ದಾಡಿದವಳು ನಾನು. ನೀವು ಹಾಗೆ ಮಾಡಬೇಡಿ. ನಾಲ್ವರಲ್ಲಿ ಮೂವರು ಹೆಂಗಸರಿಗೆ ಒಮ್ಮೆಯಾದರೂ ಬರುವ ಯೀಸ್ಟ್ ಸೋಂಕಿಗೆ ನಾಚಿಕೆ ಯಾಕೆ?

ನಮ್ಮ ಮೈಯಲ್ಲೇ ಇರುವ ಕ್ಯಾಂಡಿಡಾ ಎಂಬ ಶಿಲೀಂಧ್ರ ಆ್ಯಂಟಿಬಯೋಟಿಕ್ ಸೇವನೆ, ಬಸಿರು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಿಂದ ಮಿತಿಮೀರಿ ಬೆಳೆಯುತ್ತದೆ. ತುರಿಕೆ, ಉರಿ, ಒಡೆದ ಮೊಸರಿನಂಥ ಬಿಳಿಸೆರಗು ಇದರ ಲಕ್ಷಣ. ಬೇರೆ ಸೋಂಕಲ್ಲೂ ತುರಿಕೆ ಇರುತ್ತೆ, ಆದ್ದರಿಂದ ಡಾಕ್ಟರೇ ನೋಡಬೇಕು. ಪದೇ ಪದೇ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಿ.

ಒಳಗೆ ಸೋಪು ಹಾಕಿ ತೊಳೆಯಬೇಡಿ. ಕಾಟನ್ ಒಳಉಡುಪು ಧರಿಸಿ. ಅದನ್ನು ನೈಟಿ ಕೆಳಗೆ ಬಚ್ಚಿಟ್ಟು ಒಣಗಿಸೋದು ಸಾಕು, ಬಿಸಿಲಿಗೆ ಹಾಕಿ. ಒಣಗೋ ಬಟ್ಟೆಗೆ ಎಂಥ ಮರ್ಯಾದೆ!