ಅರುಂಧತಿಯ ಹೆಸರು ಕಾಣಲಿ

ಸಪ್ತರ್ಷಿ ಮಂಡಲದ ಬಾಲದ ನಡುವಿನ ತಾರೆ ವಸಿಷ್ಠ. ಅದಕ್ಕೆ ಒತ್ತಿಕೊಂಡಂತಿರುವ ಮಸುಕು ಚುಕ್ಕೆಯೇ ಅರುಂಧತಿ. ಎರಡರ ನಡುವೆ ಬರೀ 12 ಕಲೆಗಳ (ಆರ್ಕ್ ಮಿನಿಟ್) ಅಂತರ. ಹುಣ್ಣಿಮೆ ಚಂದ್ರನ ಅಗಲದ ಅರ್ಧವೂ ಅಲ್ಲ. ಕಂಪ್ಯೂಟರಿನಲ್ಲಿ ಸ್ಟೆಲೇರಿಯಂ ಎಂಬ ಆಕಾಶ ನಕ್ಷೆಯ ತಂತ್ರಾಂಶ ತೆರೆದು ಇಡೀ ಉತ್ತರದ ಆಕಾಶವನ್ನು ಪರದೆಗೆ ತಂದುಕೊಂಡರೆ ಆ ಅಂತರ ಒಂದು ಅಕ್ಷರದ ಅಗಲಕ್ಕೂ ಸಾಲದು. ವಸಿಷ್ಠನ ಪಕ್ಕದಲ್ಲಿ ಮೂಡುವ 'ಮಿಜಾರ್' ಎಂಬ ಹೆಸರಿನ ಅಡಿಯಲ್ಲೇ ಅರುಂಧತಿ ಅಡಗಿಬಿಡಬಹುದು.

ಫ್ರಾನ್ಸಿನ ಫಾಬಿಯನ್ ಶೆರೋ ಆರಂಭಿಸಿದ ಈ ಉಚಿತ ತಂತ್ರಾಂಶದಲ್ಲಿ ಮೊದಲಿಗೇ ಆರು ಲಕ್ಷಕ್ಕೂ ಮಿಕ್ಕಿ ತಾರೆಗಳಿವೆ. ಒಳ್ಳೆಯ ಕತ್ತಲಲ್ಲೂ ಬರಿಗಣ್ಣಿಗೆ ಒಮ್ಮೆಗೆ ಎರಡು ಮೂರು ಸಾವಿರಕ್ಕಿಂತ ಹೆಚ್ಚು ಕಾಣುವುದಿಲ್ಲ. ಆದ್ದರಿಂದ ಯಾವುದಕ್ಕೆ ಹೆಸರು ಬರೆಯಬೇಕು, ಯಾವುದನ್ನು ಬಿಡಬೇಕು ಎನ್ನುವುದು ನಕ್ಷೆಯ ಮೊದಲ ತೀರ್ಮಾನ. ಎಫ್4 ಒತ್ತಿದರೆ ಬರುವ ಕಿಟಕಿಯಲ್ಲಿ ಅದಕ್ಕೊಂದು ಜಾರುಪಟ್ಟಿಯಿದೆ. ಬಲಕ್ಕೆ ಸರಿಸಿದಷ್ಟೂ ಹೆಸರುಗಳು ಹೆಚ್ಚುತ್ತವೆ, ಬೆಳಗುವ ತಾರೆಗಳದು ಮುಂಚೆ, ಮಸುಕಿನವುಗಳದು ಆಮೇಲೆ. ಈ ಕ್ರಮ ಹಳೆಯದು. 1603ರಲ್ಲಿ ಆಗ್ಸ್‌ಬರ್ಗ್‌ನ ಯೋಹಾನ್ ಬಾಯರ್ ತಮ್ಮ 'ಯುರಾನೊಮೆಟ್ರಿಯಾ' ನಕ್ಷೆಗಳಲ್ಲಿ ತಾರೆಗಳಿಗೆ ಗ್ರೀಕ್ ಅಕ್ಷರ ಕೊಟ್ಟಾಗಲೂ ಹೆಚ್ಚುಕಡಿಮೆ ಕಾಂತಿಯನ್ನೇ ಅನುಸರಿಸಿದ್ದರು.

ಕಾಂತಿಯ ಅಳತೆ ನಮ್ಮ ಆಕಾಶಕ್ಕೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಂತಿಮಾನದ ಅಂಕಿ ಏರಿದಷ್ಟೂ ತಾರೆ ಮಸುಕು. ಅರುಂಧತಿಯದು 4. ಕರ್ಕಾಟಕ ರಾಶಿಯ ಪುಷ್ಯದ್ದೂ ಸುಮಾರು ಅಷ್ಟೇ. ಮೀನ ರಾಶಿಯ ರೇವತಿ 5ನ್ನೂ ದಾಟುತ್ತದೆ. ಪೇಟೆಯ ಬೆಳಕಿನಲ್ಲಿ ಅದನ್ನು ಹುಡುಕಿಯೂ ಪ್ರಯೋಜನವಿಲ್ಲ. ರೇವತಿ, ಭರಣಿ ಎಂಬ ಹೆಸರುಗಳನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟವೇ ತನ್ನ ಅಧಿಕೃತ ಪಟ್ಟಿಗೆ ಸೇರಿಸಿಕೊಂಡಿದೆ. ಆದರೂ ಕಾಂತಿಯ ಸರದಿಯಲ್ಲಿ ರೇವತಿ ನಿಲ್ಲುವುದು ಎಷ್ಟೋ ಹಿಂದೆ. ಅವಳ ಹೆಸರು ಕಾಣಲೆಂದು ಜಾರುಪಟ್ಟಿಯನ್ನು ಬಲಕ್ಕೆ ಎಳೆದರೆ ನಮಗೆ ಬೇಡದ ನೂರಾರು ಹೆಸರುಗಳು ಪರದೆಯನ್ನು ತುಂಬಿಬಿಡುತ್ತವೆ.

ದಾರಿ ನಮ್ಮಲ್ಲೇ ಇದೆ. ಅರುಂಧತಿಯನ್ನು ತೋರಿಸುವವನು ಮೊದಲು ಹತ್ತಿರದ ದೊಡ್ಡ ತಾರೆಯನ್ನೇ ಅರುಂಧತಿ ಎಂದು ತೋರಿಸುತ್ತಾನೆ. ನೋಡುವವನ ಕಣ್ಣು ಅಲ್ಲಿ ನಿಂತ ಮೇಲೆ, ಅದಲ್ಲ ಎಂದು ತೆಗೆದುಹಾಕಿ ಪಕ್ಕದ ಸೂಕ್ಷ್ಮ ತಾರೆಗೆ ಕರೆದೊಯ್ಯುತ್ತಾನೆ. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ತತ್ತ್ವವನ್ನು ಬೋಧಿಸುವ ಕ್ರಮಕ್ಕೆ ಇದನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ. ಪರದೆಯ ಮೇಲೆ ಇದು ಅಕ್ಷರಶಃ ನಡೆಯುತ್ತದೆ. ಮೊದಲು ಜಾರುಪಟ್ಟಿಯನ್ನು ಎಡಕ್ಕೆಳೆದು ಬೆಳಗುವ ತಾರೆಗಳ ಹೆಸರುಗಳನ್ನಷ್ಟೇ ಉಳಿಸಿಕೊಳ್ಳಬೇಕು. ವಸಿಷ್ಠ ಸಿಕ್ಕಿದ ಮೇಲೆ ಆ ಜಾಗವನ್ನು ಹಿಗ್ಗಿಸುತ್ತ ಹೋಗಬೇಕು. ನೋಟ ಕಿರಿದಾದಂತೆ ಮಸುಕು ತಾರೆಗಳ ಹೆಸರುಗಳೂ ಒಂದೊಂದಾಗಿ ಹೊರಬರುತ್ತವೆ. ಮಕ್ಕಳಿಗೆ ಆಕಾಶ ಕಲಿಸುವ ಮೇಷ್ಟ್ರುಗಳು ಎಲ್ಲ ಹೆಸರನ್ನೂ ಮೊದಲೇ ಹಚ್ಚಿಡದೆ ಹೀಗೆ ತೋರಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಬೇರೆ ಬೇರೆ ಜನರ ಆಕಾಶವನ್ನು ಈ ತಂತ್ರಾಂಶ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಇಟ್ಟಿರುತ್ತದೆ. ಯಾವ ತಾರೆಗೆ ಏನು ಹೆಸರು ಎಂಬುದು ಅಲ್ಲಿನ ಕಡತದಲ್ಲಿ ಹಿಪಾರ್ಕಸ್ ಉಪಗ್ರಹದ ಪಟ್ಟಿಯ ಸಂಖ್ಯೆಯೊಂದಿಗೆ ನಮೂದಾಗಿರುತ್ತದೆ. ಅರುಂಧತಿ 65477, ರೋಹಿಣಿ 21421. ಅಂಥದೊಂದು ಕಡತವನ್ನು ನಾವೂ ಬರೆಯಬಹುದು. ಇಪ್ಪತ್ತೇಳು ನಕ್ಷತ್ರಗಳು, ಏಳು ಋಷಿಗಳು, ಅರುಂಧತಿ, ಅಗಸ್ತ್ಯ, ಧ್ರುವ: ಕನ್ನಡ ಶಾಲೆಯೊಂದಕ್ಕೆ ಆರಂಭದಲ್ಲಿ ಇಷ್ಟು ಧಾರಾಳವಾಯಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕೀಲಿ 'ಎ'. ಅದನ್ನು ಒತ್ತಿದರೆ ವಾತಾವರಣ ಮಾಯವಾಗುತ್ತದೆ, ಹಗಲಲ್ಲೇ ಸೂರ್ಯನ ಸುತ್ತ ತಾರೆಗಳು ಮೂಡುತ್ತವೆ. ನಮ್ಮ ರೈತರ ಮಳೆ ನಕ್ಷತ್ರ ಎಂದರೆ ಆಗ ಸೂರ್ಯನಿರುವ ನಕ್ಷತ್ರ. ಸೂರ್ಯನ ಬೆಳಕೇ ಮುಚ್ಚಿಬಿಡುವುದರಿಂದ ಆ ದಿನಗಳಲ್ಲಿ ಅದನ್ನು ಯಾರೂ ಕಣ್ಣಾರೆ ಕಾಣುವಂತಿಲ್ಲ. ಮೇ 25ರ ಸುಮಾರಿಗೆ ರೋಹಿಣಿ ಮಳೆ ಹುಟ್ಟುತ್ತದೆ. ದಿನಾಂಕವನ್ನು ಜೂನ್ 1ಕ್ಕೆ ತಂದಿಟ್ಟರೆ ಸೂರ್ಯ ರೋಹಿಣಿಯ ಕೆಂಪು ತಾರೆಯ ಉತ್ತರಕ್ಕೆ ಐದಾರು ಅಂಶ ದೂರದಲ್ಲಿ ಹಾದುಹೋಗುತ್ತಿರುತ್ತಾನೆ. ಒಂದೊಂದೇ ದಿನ ಮುಂದೆ ನೂಕಿದರೆ ಜೂನ್ 8ರ ಹೊತ್ತಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರಾ. ಅಲ್ಲಿಂದ ಮುಂದೆ ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ. ಮುಂಗಾರಿನ ಸಾಲು ಪೂರ್ತಿ ಸೂರ್ಯನ ದಾರಿಯಲ್ಲೇ ಬರೆದಿರುತ್ತದೆ.