ಫಾಸ್ಫೇಟ್ ಸೊನ್ನೆ ಬೇಕಂತೆ!

ಸಾಲಿಗ್ರಾಮದ ಮನೆಯಲ್ಲಿ ೬೦ ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೇನೆ. ಎರಡು ಕ್ಲೌನ್ ಮೀನು, ಒಂದಷ್ಟು ಝೋವಾಂಥಿಡ್, ಅಂದರೆ ಹವಳದ ದಾಯಾದಿಗಳು. (ಕಲ್ಲುಹವಳ ಯಾಕಿಲ್ಲ ಅಂತ ಕೇಳಬೇಡಿ. ೨೦೦೧ರಿಂದ ಅದು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ!) ಈ ಟ್ಯಾಂಕಿನಿಂದಾಗಿ ನನಗೆ ಸಿಗುವ ಪುಕ್ಕಟೆ ಉಪದೇಶ ಎರಡು. ಎರಡೂ ತಪ್ಪು.

ಊರಿನವರದ್ದು: "ದುಡ್ಡ್ ಕೊಟ್ಟ್ ಉಪ್ಪ್ ಎಂತಕ್ಕೆ ಮಾರಾಯ್ರೆ? ಕಡ್ಲ್ ಇಲ್ಲೇ ಇತ್ತಲೆ!"

ಇದೆ ಸ್ವಾಮಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಅದರಲ್ಲಿ ಆಮ್ಲಜನಕ ಕಮ್ಮಿ, ಫಾಸ್ಫೇಟ್, ನೈಟ್ರೇಟ್ ಜಾಸ್ತಿ. ಅದನ್ನು ಉಂಡು ಪ್ಲವಕ ಬೆಳೆಯುತ್ತದೆ, ಪ್ಲವಕ ತಿಂದು ಬೂತಾಯಿ ಬೆಳೆಯುತ್ತದೆ. ಕಡಲಿಗೆ ಅದು ಹಬ್ಬದೂಟ. ನನ್ನ ೬೦ ಲೀಟರಿಗೆ ತಂದು ಸುರಿದರೆ ಬೆಳೆಯುವುದು ಬೂತಾಯಿಯಲ್ಲ, ಪಾಚಿ. ಸಾಲದ್ದಕ್ಕೆ ಮಳೆಗಾಲದಲ್ಲಿ ಸೀತಾ ನದಿಯ ಸಿಹಿನೀರು ಬೇರೆ ಬೆರೆತಿರುತ್ತದೆ, ಉಪ್ಪಿನ ಅಳತೆಗೆ ಗ್ಯಾರಂಟಿಯೇ ಇಲ್ಲ.

ಬೆಂಗಳೂರಿನ ಅಕ್ವೇರಿಯಂ ಗೆಳೆಯರದ್ದು ಇನ್ನೂ ಅಪಾಯದ ಉಪದೇಶ: "ಫಾಸ್ಫೇಟ್ ಸೊನ್ನೆ ಮಾಡು ಮಗಾ, ಬಾಟಲಿ ಸಿಗುತ್ತೆ, ಸುರಿ."

ಸೊನ್ನೆ ಯಾಕ್ರೀ ಬೇಕು? ಫಾಸ್ಫೇಟ್ ವಿಷ ಅಲ್ಲ, ಆಹಾರ. ಅದಿಲ್ಲದೆ ಹವಳದೊಳಗಿನ ಶೈವಲಗಳೂ ಬದುಕುವುದಿಲ್ಲ. ಸಮುದ್ರದ ಹವಳದ ದಿಬ್ಬದಲ್ಲಿ ಅದು ತೀರಾ ಕಮ್ಮಿ, ಒಪ್ಪಿದೆ. ಆದರೆ ಅಲ್ಲಿ ಹಗಲೂ ರಾತ್ರಿ ಪ್ಲವಕ ಹರಿದು ಬರುತ್ತಿರುತ್ತದೆ, ನಮ್ಮ ಗಾಜಿನ ಡಬ್ಬಿಗೆ ಎಲ್ಲಿಂದ ಬರಬೇಕು? ಒಮ್ಮೆಲೇ ಸೊನ್ನೆಗೆ ಎಳೆದರೆ ಹವಳ ಸೊರಗುತ್ತದೆ. ಎಷ್ಟೋ ಸಲ ಆ ಜಾಗಕ್ಕೆ ಡೈನೋಫ್ಲಾಜೆಲೇಟ್‌ಗಳು ಬಂದು ಕಂದು ಲೋಳೆ ಹಬ್ಬಿಸುತ್ತವೆ. ಇನ್ನೊಂದು ತಮಾಷೆ: ಕಿಟ್ ಸೊನ್ನೆ ತೋರಿಸಿದರೂ ಟ್ಯಾಂಕ್ ತುಂಬಾ ಪಾಚಿ ಇರಬಹುದು. ಫಾಸ್ಫೇಟನ್ನು ಪಾಚಿಯೇ ನುಂಗಿ ಕೂತಿರುತ್ತದಲ್ಲ!

ಯಾರೂ ಮಾಡದ ಲೆಕ್ಕ ಒಂದಿದೆ. ಮೀನಿನ ಒಣ ಆಹಾರದಲ್ಲಿ ಸುಮಾರು ನೂರಕ್ಕೊಂದು ಪಾಲು ರಂಜಕ. ೧ ಗ್ರಾಂ ಹಾಕಿದಿರಿ ಅಂದರೆ ೧೦ ಮಿಲಿಗ್ರಾಂ ರಂಜಕ, ಅದು ಫಾಸ್ಫೇಟ್ ಆದರೆ ಸುಮಾರು ೩೦ ಮಿಲಿಗ್ರಾಂ. ೬೦ ಲೀಟರಿಗೆ ಹಂಚಿದರೆ ಲೀಟರಿಗೆ ೦.೫. ನಮಗೆ ಬೇಕಾದದ್ದು ೦.೦೩ರಿಂದ ೦.೧. ಅಷ್ಟೂ ನೀರಿಗೇ ಸೇರುವುದಿಲ್ಲ, ಮೀನಿನ ಮೈಗೂ ಸ್ವಲ್ಪ ಹೋಗುತ್ತದೆ ಅಂತಿಟ್ಟುಕೊಳ್ಳಿ. ಆದರೂ ಚಿಟಿಕೆ ಚಿಟಿಕೆ ಅಂತ ದಿನಕ್ಕೆ ಮೂರು ಸಲ ಉದುರಿಸಿ, ಆಮೇಲೆ ಬಾಟಲಿ ಕೊಳ್ಳುವುದು ಯಾವ ಬುದ್ಧಿವಂತಿಕೆ? ನೀರು ಬದಲಿಸಿದರೆ ಆಯ್ತಲ್ಲ ಅನ್ನುವವರಿಗೆ: ಹತ್ತನೇ ಒಂದು ಪಾಲು ಬದಲಿಸಿದರೆ ೦.೫ ಇದ್ದದ್ದು ೦.೪೫ ಆಗುತ್ತದೆ, ಅಷ್ಟೇ. ಮೇಲಿಂದ ಕಲ್ಲುಗಳು ಹೀರಿಕೊಂಡದ್ದನ್ನು ವಾರಗಟ್ಟಲೆ ವಾಪಸ್ ಬಿಡುತ್ತಿರುತ್ತವೆ.

ಕಬ್ಬಿಣದ ಆಕ್ಸೈಡ್ ಹರಳು ಬೇಡವೇ ಬೇಡ ಅಂತಲ್ಲ. ಮೊದಲು ಊಟ ಕಮ್ಮಿ ಮಾಡಿ, ಸ್ಕಿಮ್ಮರ್ ಕಪ್ ತೊಳೆಯಿರಿ. ಆಮೇಲೂ ಇಳಿಯದಿದ್ದರೆ ಪ್ಯಾಕೆಟ್ ಮೇಲೆ ಬರೆದದ್ದರ ಕಾಲು ಭಾಗ ಹಾಕಿ, ಎರಡು ದಿನಕ್ಕೊಮ್ಮೆ ಅಳೆಯಿರಿ. ೦.೦೫ ಹತ್ತಿರ ಬಂತಾ? ಹರಳು ತೆಗೆದು ಸುಮ್ಮನೆ ಕೂತು ಮೀನು ನೋಡಿ :)