ಅರವತ್ತು ಅಕ್ಷರದೊಳಗೆ ಭೋಸರಿ

ಕಂಪನಿಗಳಿಗೆ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಧಾರವಾಡದಿಂದ ಪುಣೆಗೆ ಬಂದ ಹೊಸತರಲ್ಲಿ ಬ್ರೋಷರು ಬರೆಯುತ್ತಿದ್ದೆ. ಈಗ ಬಾಣೇರು, ಬಾವಧನದ ಹುಡುಗರು ‘ಪ್ರಾಡಕ್ಟ್ ಹಂಟ್ ಲಾಂಚ್ ಅದ, ಬರದ್ ಕೊಡ್ರಿ’ ಎಂದು ಬರುತ್ತಾರೆ.

ಪ್ರಾಡಕ್ಟ್ ಹಂಟ್ ಅನ್ನುವುದು 2013ರಲ್ಲಿ ರಯಾನ್ ಹೂವರ್ ಬರೀ ಇಮೇಲ್ ಪಟ್ಟಿಯಾಗಿ ಶುರುಮಾಡಿದ ಅಮೆರಿಕದ ಜಾಲತಾಣ. ದಿನಾ ಹೊಸ ಸಾಫ್ಟ್‌ವೇರುಗಳು ಅಲ್ಲಿ ಸಾಲುಗಟ್ಟುತ್ತವೆ, ನೋಡಿದವರು ವೋಟು ಹಾಕುತ್ತಾರೆ, ಮೇಲೆ ಬಂದದ್ದಕ್ಕೆ ಆ ದಿನದ ಬಿರುದು. ಅದರ ದಿನ ಹುಟ್ಟುವುದು ಸ್ಯಾನ್ ಫ್ರಾನ್ಸಿಸ್ಕೊದ ನಡುರಾತ್ರಿಗೆ. ನಮ್ಮಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ, ಅವರ ಚಳಿಗಾಲದಲ್ಲಾದರೆ ಒಂದೂವರೆ. ಒಂದರಿಂದ ನಾಲ್ಕರವರೆಗೆ ಚಿತಳೆಯವರ ಮಿಠಾಯಿ ಅಂಗಡಿಯೇ ಬಾಗಿಲು ಹಾಕುತ್ತಿದ್ದ ಊರು ಇದು. ಆ ಹೊತ್ತಿನಲ್ಲಿ ಇಲ್ಲಿ ಲಾಂಚ್ ಮಾಡಲು ಧೈರ್ಯ ಬೇಕು.

ಮೊನ್ನೆ ಬಂದವರು ಮೂವರು. ಮಾತಾಡಿದವನು ಜತ್ತದ ಹುಡುಗ, ಮನೆಮಾತು ಕನ್ನಡ. ‘ಅಕ್ಕಾ, ನಮ್ಮ ಸಾಫ್ಟ್‌ವೇರ್ ಏನ್ ಮಾಡ್ತದ ಅಂತ ಒಂದ ಸಾಲಿನ್ಯಾಗ ಹೇಳಬೇಕಂತ. ಅದೂ ಅರವತ್ತ ಅಕ್ಷರದಾಗ.’ ಅವರೇ ಬರೆದು ತಂದ ಸಾಲಿನಲ್ಲಿ ಕೃತಕ ಬುದ್ಧಿಮತ್ತೆ ಇತ್ತು, ಸಪ್ಲೈ ಚೈನ್ ಇತ್ತು, ಕ್ರಾಂತಿ ಇತ್ತು. ಯಾರಿಗೆ ಏನು ಉಪಯೋಗ ಅನ್ನುವುದು ಮಾತ್ರ ಇರಲಿಲ್ಲ.

ಬಿಡಿಸಿ ಕೇಳಿದೆ. ಪುಣೆ ಪಕ್ಕದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪುಗಳಲ್ಲಿ ಮಾಲು ತಯಾರಾಗುವುದು ಒಂದೇ ಸೂರಿನ ಕೆಳಗಲ್ಲ. ಟರ್ನಿಂಗ್ ಒಂದು ಕಡೆ, ಹೀಟ್ ಟ್ರೀಟ್‌ಮೆಂಟ್ ಇನ್ನೊಂದು ಕಡೆ, ಪ್ಲೇಟಿಂಗ್ ಮತ್ತೊಂದು ಕಡೆ. ಪ್ರತಿ ಸಲ ಮಾಲಿನ ಜತೆ ಒಂದು ಚಲನ್ ಹೋಗುತ್ತದೆ. ಐನೂರು ಪೀಸು ಹೋಗಿ ನಾನೂರ ಎಂಬತ್ತು ಮರಳಿದರೆ ಉಳಿದ ಇಪ್ಪತ್ತರ ಜಗಳ ತಿಂಗಳ ಕೊನೆಗೆ. ಹೀಗೆ ಜಾಬ್‌ವರ್ಕಿಗೆ ಕಳಿಸಿದ ಮಾಲು ವರ್ಷದೊಳಗೆ ವಾಪಸು ಬಾರದಿದ್ದರೆ ಜಿಎಸ್‌ಟಿಯವರು ಅದನ್ನು ಕಳಿಸಿದ ದಿನವೇ ಪೂರೈಕೆ ಮಾಡಿದಂತೆ ಹಿಡಿದು ತೆರಿಗೆ ಕೇಳುತ್ತಾರೆ, ಬಡ್ಡಿ ಬೇರೆ. ಈ ಹುಡುಗರ ಸಾಫ್ಟ್‌ವೇರು ಎಣ್ಣೆಗೈ ಮೆತ್ತಿದ ಚಲನ್‌ನ ಫೋಟೊ ಓದಿ, ಯಾರ ಹತ್ತಿರ ಎಷ್ಟು ಬಾಕಿ ಇದೆಯೆಂದು ಹೇಳುತ್ತದೆ. ‘ಹಂಗಾದ್ರ ಅದನ್ನ ಬರಿಯೋ ಮಾರಾಯಾ’ ಅಂದೆ. ಚಲನ್ ಫೋಟೊ ಹಾಕಿ, ಎಲ್ಲಿ ಎಷ್ಟು ಮಾಲು ಬಾಕಿ ತಿಳಿಯಿರಿ. ಅರವತ್ತರೊಳಗೆ ಕೂತಿತು.

ಲಾಂಚಿನ ತಯಾರಿಯಲ್ಲಿ ನನಗೆ ಬೆಲೆಬಾಳುವುದಾಗಿ ಕಾಣುವುದು ಇದೊಂದೇ. ಆ ಸಾಲು, ನಾಲ್ಕಾರು ಚಿತ್ರ, ಒಂದು ಚಿಕ್ಕ ವಿಡಿಯೊ, ‘ನಾವು ಇದನ್ನು ಯಾಕೆ ಮಾಡಿದೆವು’ ಎಂದು ತಯಾರಿಸಿದವರೇ ಹಾಕುವ ಮೊದಲ ಕಾಮೆಂಟು. ಇಷ್ಟನ್ನು ನೆಟ್ಟಗೆ ಬರೆಯಲು ಬಾರದಿದ್ದರೆ ಸರಕಿನಲ್ಲೇ ಏನೋ ಗೊಂದಲ ಇದೆಯೆಂದು ತಿಳಿಯಬೇಕು.

ವೋಟಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ‘ನಮಗೆ ಹಾಕ್ರಿ, ನಿಮಗೂ ಹಾಕ್ತೀವಿ’ ಅನ್ನುವ ವಾಟ್ಸಾಪ್ ಗುಂಪುಗಳು ಈ ಊರಲ್ಲಿ ಬೇಕಾದಷ್ಟಿವೆ. ಮದುವೆ ಮುಯ್ಯಿಯ ಹಾಗೆ ಲೆಕ್ಕ ಬರೆದಿಟ್ಟುಕೊಳ್ಳುತ್ತಾರೆ. ನೇರವಾಗಿ ವೋಟು ಕೇಳಬೇಡಿ, ನೋಡಿ ಅಭಿಪ್ರಾಯ ಹೇಳಿ ಎಂದಷ್ಟೇ ಕೇಳಿ ಎಂಬುದು ತಾಣದ್ದೇ ನಿಯಮ. ಅವತ್ತೇ ಖಾತೆ ತೆರೆದು ಅತ್ತೆ, ಮಾವ, ಹಾಸ್ಟೆಲ್ ಗೆಳೆಯ ಒತ್ತುವ ವೋಟಿಗೆ ತೂಕವೂ ಕಡಿಮೆ. ಇಷ್ಟಕ್ಕೂ ಅಲ್ಲಿ ವೋಟು ಹಾಕುವವರಲ್ಲಿ ಬಹುಪಾಲು ಜನ ಇಂಥದೇ ಸಾಫ್ಟ್‌ವೇರು ಮಾಡುವವರು. ಪ್ರೋಗ್ರಾಮರುಗಳಿಗೆ ಬೇಕಾದ ಸರಕಾದರೆ ಗಿರಾಕಿಯೇ ಅಲ್ಲಿ ಕೂತಿರುತ್ತಾನೆ, ಆ ದಿನಕ್ಕಾಗಿ ತಿಂಗಳು ದುಡಿದರೂ ಸರಿ. ಭೋಸರಿಯ ಮಾಲೀಕ ಮಾತ್ರ ಆ ಹೆಸರೂ ಕೇಳಿರುವುದಿಲ್ಲ.

ಗಿರಾಕಿ ಎಲ್ಲಿದ್ದಾನೋ ಅಲ್ಲಿಂದಲೇ ಶುರುಮಾಡಬೇಕು ಎಂಬುದನ್ನು ಪುಣೆಯವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಕೈಲಾಶ್ ಕಾಟ್ಕರ್ ಇಲ್ಲೇ ಕ್ಯಾಲ್ಕುಲೇಟರ್, ಆಮೇಲೆ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು. ರಿಪೇರಿಗೆ ಬಂದ ಯಂತ್ರಗಳಲ್ಲೆಲ್ಲ ವೈರಸ್ಸು ಕಂಡು ತಮ್ಮ ಸಂಜಯ್ ಅದಕ್ಕೆ ಮದ್ದು ಬರೆದರು. ಕ್ವಿಕ್ ಹೀಲ್ ಆಂಟಿವೈರಸ್ ಆದದ್ದು ಹಾಗೆ. ಸರಕು ಬರುವ ಮೊದಲೇ ಗಿರಾಕಿ ಅಂಗಡಿಯ ಕಟ್ಟೆ ಹತ್ತಿದ್ದ.

ಹಾಗೆಂದು ಲಾಂಚ್ ಬೇಡ ಎಂದು ನಾನು ಹುಡುಗರಿಗೆ ಹೇಳಲಿಲ್ಲ. ಹೊರಗಿನ ನಾಲ್ಕು ಜನ ತಪ್ಪು ಹುಡುಕಿಕೊಟ್ಟರೂ ಲಾಭವೇ, ನನಗೂ ಬಿಲ್ಲು ಆಗುತ್ತದೆ. ವಾರಾಂತ್ಯದಲ್ಲಿ ಪೈಪೋಟಿ ಕಡಿಮೆ, ಭಾನುವಾರ ಹಾಕೋಣ ಅಂದರು. ನಾನು ಬುಧವಾರ ಅಂದೆ. ಮಧ್ಯಾಹ್ನ ಹಾಕಿ, ಅಮೆರಿಕ ಎದ್ದ ಮೇಲೆ ರಾತ್ರಿಯಿಡೀ ಕಾಮೆಂಟಿಗೆ ಉತ್ತರ ಬರೆದು, ಗುರುವಾರ ಮಧ್ಯಾಹ್ನ ಮುಗಿಸಿ ಮಲಗಬಹುದು. ಭೋಸರಿಗೆ ಗುರುವಾರವೇ ವಾರದ ರಜೆ. ‘ಚಲನ್ ಓದವಲ್ದು’ ಎಂದು ಆ ದಿನ ಅಲ್ಲಿಂದ ಯಾರೂ ಫೋನು ಮಾಡುವುದಿಲ್ಲ.